ಹತ್ತು ನಿಮಿಷದ ಕೆಲ್ಸಕ್ಕೆ ಇಷ್ಟಾ ಅಂತಾರೆ: ಓದುಗರ ಸ್ಪಂದನ

ಹೋದ ಸಲ ಪ್ರಕಟ ಆದ ಸಮಸ್ಯೆ ಚಿಕ್ಕದಾಗಿ: "ಹನ್ನೊಂದು ವರ್ಷದಿಂದ ಫ್ರಿಜ್ಜು, ವಾಷಿಂಗ್ ಮಷಿನ್ನು, ಮೈಕ್ರೊವೇವ್ ರಿಪೇರಿ ಮಾಡ್ಕೊಂಡಿದೀನಿ, ಸ್ವಂತ ಕೆಲ್ಸ. ಬೇಗ ಮುಗಿಸಿದ್ರೆ ಇಷ್ಟಕ್ಕೆ ಇಷ್ಟಾ ಅಂತಾರೆ, ತಡ ಆದ್ರೆ ಇವ್ನಿಗೆ ಕೆಲ್ಸ ಬರಲ್ಲ ಅಂತಾರೆ. ಮೊನ್ನೆ ಒಂದು ಮನೇಲಿ ವಾಷಿಂಗ್ ಮಷಿನ್ನಿಗೆ ನೀರು ಹೊರಗೆ ಹಾಕೋ ಡ್ರೈನ್ ಪಂಪ್ ಹಾಕಿ ಬಂದೆ, ಐದನೇ ದಿನಕ್ಕೆ ಮಷಿನ್ ನಡೆಸೋ ಎಲೆಕ್ಟ್ರಾನಿಕ್ ಬೋರ್ಡ್ ಹೋಯ್ತು. ನೀನು ಬಂದು ಹೋದಮೇಲೇ ಹಾಳಾಗಿದ್ದು ಅಂತ ಜಗಳ. ಕೊನೆಗೆ ನನ್ನ ಕೈಯಿಂದಾನೇ ದುಡ್ಡು ಹಾಕಿ ಬೋರ್ಡ್ ಕೂರಿಸಿಕೊಟ್ಟೆ. ಕಂಪನಿ ಸರ್ವಿಸ್ ಸೆಂಟರಿಗೆ ಸಂಬಳಕ್ಕೆ ಸೇರ್ಕೊಳ್ಳೋದಾ, ಇಲ್ಲಾ ಈ ಲೈನೇ ಬಿಟ್ಟುಬಿಡೋದಾ?"

ತಮ್ಮಾ, ನಿನ್ನ ಪತ್ರ ಓದಿ ನಂಗೆ ನನ್ನ ಹಳೇ ದಿನಗಳು ನೆನಪಾದ್ವು. ಮೂವತ್ತೈದು ವರ್ಷ ಇದೇ ಕೆಲ್ಸ ಮಾಡಿ ಈಗ ಕಣ್ಣು ಮಂಜಾಗಿ ಮನೇಲಿ ಕೂತಿದೀನಿ. ದುಡ್ಡಿನ ವಿಷ್ಯಕ್ಕೆ ಆಮೇಲೆ ಬರ್ತೀನಿ, ಮೊದ್ಲು ಒಂದು ಕೇಳ್ಬೇಕು, ಬಿಚ್ಚಿದ ಹಳೇ ಪಂಪಿಗೆ ನೀನು ಮೀಟರ್ ಇಟ್ಟು ಅಳೆದಿದ್ಯಾ? ನೀನು ಬರ್ದಿರೋ ರೀತಿ ನೋಡಿದ್ರೆ ಪಂಪ್ ತಿರುಗ್ತಿಲ್ಲ, ಹೊಸದು ಹಾಕಿದೆ, ನೀರು ಹೋಯ್ತು, ಬಂದೆ ಅನ್ನೋ ಥರ ಇದೆ. ಆ ಪಂಪ್ ಕಸ ಸಿಕ್ಕಿ ನಿಂತಿದ್ದಾ ಅಥ್ವಾ ಅದರೊಳಗಿನ ತಂತಿ ಸುರುಳಿ, ಅಂದ್ರೆ ಕಾಯಿಲ್, ಶಾರ್ಟ್ ಆಗಿತ್ತಾ ಅನ್ನೋದೇ ಇಲ್ಲಿ ಮುಖ್ಯ. ಕಸ ಆದ್ರೆ ಬೋರ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಕಾಯಿಲ್ ಶಾರ್ಟ್ ಆಗಿದ್ರೆ ಪಂಪಿಗೆ ಕರೆಂಟ್ ಬಿಡೋ ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ಚು ಬೋರ್ಡಿನ ಮೇಲೇ ಇರುತ್ತಲ್ಲ, ಅದು ಎಷ್ಟು ದಿನದಿಂದ ಜಾಸ್ತಿ ಕರೆಂಟ್ ಎಳೆದು ಎಳೆದು ಅರೆಜೀವ ಆಗಿತ್ತೋ ಏನೋ. ಹೊಸ ಪಂಪ್ ಹಾಕಿದ್ರೂ ಐದು ದಿನಕ್ಕೆ ಅದು ಕೈ ಕೊಡೋದ್ರಲ್ಲಿ ಆಶ್ಚರ್ಯ ಇಲ್ಲ. 230 ವೋಲ್ಟಿನ ಸಾಮಾನ್ಯ ಡ್ರೈನ್ ಪಂಪ್ ಮೀಟರಲ್ಲಿ ನೂರೈವತ್ತು ಇನ್ನೂರು ಓಮ್ಸ್ (ಕರೆಂಟಿಗೆ ಒಡ್ಡೋ ತಡೆಯ ಅಳತೆ) ಆಸುಪಾಸು ತೋರಿಸ್ಬೇಕು, ಅದು ಮೂವತ್ತೋ ನಲವತ್ತೋ ತೋರಿಸಿದ್ರೆ ಅಲ್ಲೇ ಮನೆಯವ್ರನ್ನ ಕರ್ದು "ನೋಡಿ, ಇದು ಸುಟ್ಟಿದೆ, ಬೋರ್ಡಿಗೂ ಏಟು ಬಿದ್ದಿರಬಹುದು, ಇವತ್ತು ಓಡುತ್ತೆ, ಗ್ಯಾರಂಟಿ ಪಂಪಿಗೆ ಮಾತ್ರ" ಅಂತ ಹೇಳಿ ಚೀಟೀಲಿ ಬರ್ಕೊಟ್ಟು ಬರ್ಬೇಕಿತ್ತು. ಇದೇ ಮಾತನ್ನ ಐದು ದಿನ ಆದ್ಮೇಲೆ ಹೇಳಿದ್ರೆ ಅವ್ರ ಕಿವಿಗೆ ಅದು ನೆಪ.

ಇನ್ನೂ ಒಂದು, ಪಂಪ್ ಬದಲಾಯಿಸೋಕೆ ಮಷಿನ್ ಹಿಂದಕ್ಕೆ ಓರೆ ಮಾಡಿದ್ಯಾ? ಸೋಪಿನ ಡ್ರಾಯರ್‌ನಲ್ಲಿ ಉಳಿದಿರೋ ನೀರು ಹರ್ದು ಬೋರ್ಡಿನ ಮೇಲೆ ಬಿದ್ದಿರೋದು ನಾನು ಕಣ್ಣಾರೆ ನೋಡಿದೀನಿ. ನಾನೇ ಮಾಡಿದೀನಿ ಅಂತಾನೇ ಇಟ್ಕೋ. ಡ್ರಾಯರ್ ಎಳೆದು ಪಕ್ಕಕ್ಕಿಟ್ಟು ಆಮೇಲೆ ಮಷಿನ್ ಮುಟ್ಟು.

ಈಗ "ಇಷ್ಟಾ" ಅನ್ನೋ ಮಾತಿಗೆ ಬರೋಣ. ಫ್ರಿಜ್ ಕಂಪ್ರೆಸರ್ ಹತ್ರ ಎರಡು ಮೂರು ನಿಮಿಷಕ್ಕೊಂದ್ಸಲ ಗುಂಯ್ ಅಂದು ಟಿಕ್ ಅಂತ ನಿಂತುಹೋಗುತ್ತಲ್ಲ, ಬಾಗಿಲ ಹತ್ರ ಬರೋವಾಗ್ಲೇ ನಂಗೆ ಗೊತ್ತಾಗ್ತಿತ್ತು, ಇದು ಕಂಪ್ರೆಸರನ್ನ ಶುರು ಮಾಡಿಸೋ ಸ್ಟಾರ್ಟಿಂಗ್ ರಿಲೇ. ಆ ರಿಲೇ ಒಳಗೆ ಒಂದು ಬಿಲ್ಲೆ ಇರುತ್ತೆ, ಅದು ಸುಟ್ಟು ಒಡೆದ್ರೆ ಕೈಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಅನ್ನುತ್ತೆ. ಮೊದಮೊದಲು ನಾನು ಅದನ್ನ ಕಿತ್ತು ಚೀಲಕ್ಕೆ ಹಾಕ್ಕೊಂಡು ಹೊಸದು ಸಿಕ್ಕಿಸಿ ಎದ್ದು ನಿಂತು ದುಡ್ಡು ಕೇಳ್ತಿದ್ದೆ, ಬೈಸ್ಕೊಂಡು ಬರ್ತಿದ್ದೆ. ಆಮೇಲೆ ಬುದ್ಧಿ ಬಂತು. ಹಳೇದನ್ನ ಮನೆಯವ್ರ ಕೈಗೇ ಕೊಡೋದು, ಅಲ್ಲಾಡಿಸಿ ನೋಡಿ ಅನ್ನೋದು, ಹೊಸದನ್ನೂ ಕೊಟ್ಟು ಈಗ ಇದನ್ನ ಅಲ್ಲಾಡಿಸಿ ಅನ್ನೋದು, ಹೊಸದು ಸದ್ದೇ ಮಾಡಲ್ವಲ್ಲ. ಕಂಪ್ರೆಸರ್ ಹೋಗಿದೆ ಅಂತ ಬೇರೆ ಯಾರೋ ಹೇಳಿರ್ತಾರೆ, ಇದು ಇಷ್ಟು ಸಣ್ಣದ್ರಲ್ಲಿ ಮುಗೀತಾ ಅಂತ ಅವ್ರಿಗೇ ಖುಷಿ. ಅದಾದ್ಮೇಲೆ ಚೌಕಾಸಿ ಮಾಡಿದವ್ರು ಇಲ್ಲ ಅಂತಲ್ಲ, ಅವ್ರು ಯಾವಾಗ್ಲೂ ಇರ್ತಾರೆ, ಆದ್ರೆ ಕಳ್ಳನ್ನ ನೋಡಿದ ಹಾಗೆ ನೋಡೋದು ನಿಂತಿತು.
(ಹಳೇ ಮೆಕ್ಯಾನಿಕ್)

ಸರ್ ನಾನು ರಿಪೇರಿಯವಳಲ್ಲ, ರಿಪೇರಿ ಮಾಡಿಸೋಳು. ನಮ್ಗೆ ಅನುಮಾನ ಯಾಕೆ ಬರುತ್ತೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ನಮ್ಮನೆ ಫ್ರಿಜ್ಜಲ್ಲಿ ಮೇಲೆ ಫ್ರೀಜರ್ ಚೆನ್ನಾಗಿ ಗಡ್ಡೆ ಕಟ್ತಿತ್ತು, ಕೆಳಗೆ ತಂಪೇ ಇರ್ತಿರ್ಲಿಲ್ಲ. ಒಬ್ರು ಬಂದು ಗ್ಯಾಸ್ ಖಾಲಿ ಅಂತ ತುಂಬಿಸಿ ಹೋದ್ರು, ಹದಿನೈದು ದಿನ ಸರಿ ಇತ್ತು ಮತ್ತೆ ಅದೇ ಕಥೆ, ಇನ್ನೊಬ್ರು ಬಂದು ಅವ್ರೂ ಗ್ಯಾಸೇ ತುಂಬಿಸಿದ್ರು. ಮೂರನೆಯವ್ರು ಬಂದು ಹಿಂದಿನ ಪ್ಯಾನೆಲ್ ತೆಗೆದು ಟಾರ್ಚ್ ಹಾಕಿ ತೋರಿಸಿದ್ರು, ಒಳಗಿನ ತಂಪು ಮಾಡೋ ಕಾಯಿಲ್ ಪೂರ್ತಿ ಬಿಳೀ ಗೋಡೆ ಥರ ಐಸ್ ಕಟ್ಕೊಂಡಿದೆ, ಫ್ಯಾನಿನ ಗಾಳಿ ಕೆಳಗೆ ಇಳಿಯೋಕೆ ದಾರೀನೇ ಇಲ್ಲ. ಆ ಐಸ್ ಕರಗಿಸೋ ಡಿಫ್ರಾಸ್ಟ್ ಹೀಟರ್ ಹೋಗಿತ್ತಂತೆ. ಗ್ಯಾಸ್ ಅಂದ್ರೆ ಪೆಟ್ರೋಲ್ ಥರ ಖರ್ಚಾಗೋದಲ್ಲ ಮೇಡಂ, ಸೀಲ್ ಆಗಿರೋ ಪೈಪಲ್ಲಿ ಸುತ್ತುತ್ತಾ ಇರುತ್ತೆ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇರ್ಲೇಬೇಕು, ಲೀಕ್ ಹುಡುಕದೆ ತುಂಬಿಸೋದು ತೂತು ಬಿಂದಿಗೆಗೆ ನೀರು ಹಾಕಿದಂಗೆ ಅಂದ್ರು. ಆ ಮೊದಲ ಹದಿನೈದು ದಿನ ಯಾಕೆ ಸರಿ ಇತ್ತು ಅಂದ್ರೆ ಗ್ಯಾಸ್ ತುಂಬಿಸೋವಾಗ ಫ್ರಿಜ್ ಇಡೀ ದಿನ ಆಫ್ ಇತ್ತಲ್ಲ, ಐಸ್ ತಾನೇ ಕರಗಿತ್ತು ಅಷ್ಟೇ!!

ಹೀಗೆ ಎರಡು ಸಲ ಕೈ ಸುಟ್ಕೊಂಡವಳು ನಾಲ್ಕನೆಯವ್ರಾಗಿ ನೀವು ಬಂದ್ರೆ ನಿಮ್ಮನ್ನೂ ಹಾಗೇ ನೋಡ್ತೀನಿ. ಅದು ನಿಮ್ಮ ಮೇಲಿನ ಸಿಟ್ಟಲ್ಲ. ಆ ಮೂರನೆಯವ್ರು ಕೇಳಿದ ದುಡ್ಡು ಮೊದಲಿನವ್ರಿಗಿಂತ ಕಮ್ಮಿ ಏನಿರ್ಲಿಲ್ಲ, ನಾನು ಒಂದು ಮಾತೂ ಆಡದೆ ಕೊಟ್ಟೆ. ಹಳೇ ಹೀಟರ್ ಇಟ್ಟು ಹೋದ್ರು, ಬಿಲ್ಲಲ್ಲಿ ಯಾವ ಪಾರ್ಟು, ಅದಕ್ಕೆ ಎಷ್ಟು ತಿಂಗಳು, ಕೂಲಿ ಎಷ್ಟು ಅಂತ ಬೇರೆ ಬೇರೆ ಬರ್ದಿದ್ರು. ನಂಗೆ ಬೇಕಾಗಿದ್ದು ಅಷ್ಟೇ.
(ಒಬ್ಬ ಗೃಹಿಣಿ)

ಸರ್ವಿಸ್ ಸೆಂಟರ್ ಅಂದ್ರಲ್ಲ, ನಾನು ಆರು ವರ್ಷ ಅಲ್ಲಿದ್ದವನು, ಒಂದು ಆಥರೈಸ್ಡ್ ಸೆಂಟರಲ್ಲಿ. ತಿಂಗಳಿಗೆ ಸಂಬಳ ಬರುತ್ತೆ, ಜಗಳಕ್ಕೆ ಬಂದ್ರೆ ಆಫೀಸಿಗೆ ಫೋನ್ ಮಾಡಿ ಅಂತ ಹೇಳಿ ಎದ್ದು ಬರಬಹುದು, ಇದು ದೊಡ್ಡ ನೆಮ್ಮದಿ, ಸುಳ್ಳು ಹೇಳಲ್ಲ. ಆದ್ರೆ ದಿನಕ್ಕೆ ಇಷ್ಟು ಕಾಲ್ ಮುಗಿಸ್ಬೇಕು, ಅದರಲ್ಲಿ ಇಷ್ಟು ಜನಕ್ಕೆ ವರ್ಷದ ಕಾಂಟ್ರಾಕ್ಟ್ ಮಾರ್ಬೇಕು. ಬೋರ್ಡಲ್ಲಿ ಒಂದು ರಿಲೇ ಹೋಗಿದ್ರೆ ರಿಲೇ ಬದಲಾಯಿಸೋ ಹಾಗಿಲ್ಲ, ಇಡೀ ಬೋರ್ಡೇ ಹಾಕ್ಬೇಕು. ಸ್ವಂತ ಕೆಲ್ಸ ಮಾಡಿದ ಕೈಗೆ ಅದು ಹಿಡಿಸಲ್ಲ. ನಾನಿದ್ದ ಕಡೆ ಹಾಗಿತ್ತು, ಎಲ್ಲಾ ಕಡೆ ಹೀಗೇ ಅಂತ ಹೇಳೋಕಾಗಲ್ಲ.

ಆದ್ರೂ ಒಂದೆರಡು ವರ್ಷ ಹೋಗಿ ಬನ್ನಿ ಅಂತಾನೇ ಹೇಳ್ತೀನಿ, ಕಲಿಯೋಕೆ. ಈಗಿನ ಇನ್ವರ್ಟರ್ ಮಷಿನ್ನು, ಅಂದ್ರೆ ಮೋಟಾರಿನ ವೇಗಾನ ಬೋರ್ಡೇ ನೋಡ್ಕೊಳ್ಳೋದು, ಹಳೇ ಬೆಲ್ಟು ಕಾರ್ಬನ್ ಬ್ರಷ್ಷಿನ ಮಷಿನ್ ಥರ ಅಲ್ಲ. 230 ವೋಲ್ಟ್ ಎಸಿ ಬೋರ್ಡಿನೊಳಗೆ ಡಿಸಿ ಆದ್ಮೇಲೆ 325 ವೋಲ್ಟ್ ಹತ್ರ ಹೋಗುತ್ತೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಡೋ ಕೆಪಾಸಿಟರಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತೆ. ಎರರ್ ಕೋಡ್, ಟೆಸ್ಟ್ ಮೋಡ್, ಸರ್ವಿಸ್ ಮ್ಯಾನ್ಯುಯಲ್ ಇವೆಲ್ಲಾ ಹೊರಗಿನವ್ರಿಗೆ ಸುಲಭಕ್ಕೆ ಸಿಗಲ್ಲ. ಯುರೋಪ್ ಕಡೆ 2021ರಿಂದ ಫ್ರಿಜ್ಜು, ವಾಷಿಂಗ್ ಮಷಿನ್ನಿಗೆಲ್ಲಾ ಏಳರಿಂದ ಹತ್ತು ವರ್ಷ ಬಿಡಿಭಾಗ ಸಿಗ್ಲೇಬೇಕು, ರಿಪೇರಿ ಮಾಹಿತೀನ ಹೊರಗಿನ ಮೆಕ್ಯಾನಿಕ್‌ಗೂ ಕೊಡ್ಬೇಕು ಅಂತ ರೂಲ್ಸ್ ಇದೆ. ಎಲ್ಲಾ ಕಡೆ ಹಾಗೆ ಆಗೋವರ್ಗೂ ಒಳಗೆ ಹೋಗಿ ಕಲ್ತು ಬರೋದೇ ದಾರಿ.
(ಮಾಜಿ ಸರ್ವಿಸ್ ಎಂಜಿನಿಯರ್, ಹೆಸರಿಗೆ ಮಾತ್ರ ಎಂಜಿನಿಯರ್)

ಬೋರ್ಡಿನ ದುಡ್ಡು ನಿಮ್ಮ ಕೈಯಿಂದ ಹಾಕಿದ್ದು ತಪ್ಪು. ಕೊಟ್ಟಿದ್ದಕ್ಕೇ ನೀವು ತಪ್ಪು ಒಪ್ಕೊಂಡಂಗಾಯ್ತು, ಈಗ ಆ ಬೀದಿಯವ್ರೆಲ್ಲಾ ಅದನ್ನೇ ಮಾತಾಡ್ತಾರೆ. ಅರ್ಧ ಕೂಲಿ ಬಿಡ್ತೀನಿ, ಪಾರ್ಟಿನ ದುಡ್ಡು ನಿಮ್ದು ಅನ್ಬೇಕಿತ್ತು. ಸಾರಿ, ಹೀಗೇ ಹೇಳೋ ಸ್ವಭಾವ ನಂದು.
(ಎಸಿ ಮೆಕ್ಯಾನಿಕ್)

ನಮ್ಮನೆಯವ್ರೂ ಇದೇ ಕೆಲ್ಸ ಅಣ್ಣಾ, ಫೋನ್ ತಗೋಳೋದು ನಾನು. ಮೊದ್ಲು ಫೋನ್ ಬಂದ ತಕ್ಷಣ ಅಡ್ರೆಸ್ ಬರ್ಕೊಂಡು ಕಳಿಸಿಬಿಡ್ತಿದ್ದೆ. ಅವ್ರು ಅಷ್ಟು ದೂರ ಹೋಗಿ ನೋಡಿದ್ರೆ ನೀರಿನ ನಲ್ಲಿ ಬಂದ್ ಆಗಿರೋದು, ಚೈಲ್ಡ್ ಲಾಕ್ ಬಿದ್ದಿರೋದು, ಇಲ್ಲಾ ಮಷಿನ್ ಮುಂದೆ ಕೆಳಗಡೆ ಇರೋ ಫಿಲ್ಟರಲ್ಲಿ ಗುಂಡಿ, ಹೇರ್ ಪಿನ್ನು ಸಿಕ್ಕಿರೋದು. ಅಷ್ಟಕ್ಕೆ ದುಡ್ಡು ಕೇಳಿದ್ರೆ ಯಾರು ಕೊಡ್ತಾರೆ ಹೇಳಿ, ಇವ್ರೂ ಸಂಕೋಚಕ್ಕೆ ಪರ್ವಾಗಿಲ್ಲ ಬಿಡಿ ಅಂತ ಬಂದುಬಿಡೋರು. ಅವತ್ತಿನ ದಿನ ಹೋಯ್ತು. ಈಗ ನಾನೇ ಕೇಳ್ತೀನಿ, ಮಾಡೆಲ್ ನಂಬರ್ ಏನು, ದೀಪ ಹತ್ತುತ್ತಾ, ಏನು ಸದ್ದು ಬರುತ್ತೆ ಫೋನ್ ಹತ್ರ ಹಿಡೀರಿ, ನಲ್ಲಿ ತೆಗೆದಿದೆಯಾ ನೋಡಿ. ಆಮೇಲೆ ಬಂದು ನೋಡೋದಕ್ಕೇ ಇಷ್ಟು ಚಾರ್ಜು, ರಿಪೇರಿ ಮಾಡಿಸಿದ್ರೂ ಬಿಟ್ರೂ ಅದು ಕೊಡ್ಬೇಕು ಅಂತ ಫೋನಲ್ಲೇ ಹೇಳ್ತೀನಿ. ಎಷ್ಟೋ ಜನ ಅಷ್ಟಕ್ಕೇ ಫೋನ್ ಇಟ್ಬಿಡ್ತಾರೆ, ಇಡ್ಲಿ. ಒಪ್ಕೊಂಡವ್ರು ಬಾಗಿಲಲ್ಲಿ ಜಗಳ ಮಾಡಲ್ಲ. ಫೋನಲ್ಲೇ ಸರಿಹೋದ್ರೆ ದುಡ್ಡು ಕೇಳಲ್ಲ ನಾನು. ಇದಕ್ಕೆ ನಮ್ಮನೆಯವ್ರು ನೀನೇ ನನ್ನ ಹೊಟ್ಟೆ ಮೇಲೆ ಹೊಡೀತಿದೀಯ ಅಂತ ರೇಗ್ತಾರೆ, ಆದ್ರೆ ಹಂಗೆ ಸರಿ ಮಾಡ್ಕೊಂಡವ್ರೇ ಮುಂದಿನ ಸಲ ದೊಡ್ಡ ಕೆಲ್ಸಕ್ಕೆ ಹುಡುಕ್ಕೊಂಡು ಬರೋದು.

ಇನ್ನೊಂದು ಅಣ್ಣಾ, ಅವ್ರು ಕೆಲ್ಸ ಶುರು ಮಾಡೋ ಮುಂಚೆ ಮಷಿನ್ನಿನ ಎರಡು ಫೋಟೋ, ಆನ್ ಮಾಡಿ ಒಂದು ಸಣ್ಣ ವಿಡಿಯೋ ತೆಗೀತಾರೆ. ಬಾಗಿಲ ಮೇಲೆ ಗೀರು ನೀವು ಮಾಡಿದ್ದು ಅಂತ ಒಂದ್ಸಲ ಹೇಳಿಸ್ಕೊಂಡ ಮೇಲೆ ಬಂದ ಅಭ್ಯಾಸ.
(ಮೆಕ್ಯಾನಿಕ್ ಹೆಂಡ್ತಿ)

ಎಲ್ರೂ ದುಡ್ಡಿನ ಬಗ್ಗೆ ಬರೀತಾರೆ ಅಂತ ಗೊತ್ತು, ನಾನು ಬೇರೆ ಹೇಳ್ತೀನಿ. ಪತ್ರದಲ್ಲಿ ರಾತ್ರಿ ನಿದ್ದೆ ಬರಲ್ಲ, ಕೆಲ್ಸದ ಮೇಲೆ ಗಮನ ಇಲ್ಲ ಅಂತಾನೂ ಬರ್ದಿದ್ರಲ್ಲ, ಮೇಲೆ ಅದನ್ನ ಸೇರಿಸಿಲ್ಲ, ನಂಗೆ ಮಾತ್ರ ಅದೇ ಸಾಲು ತಲೇಲಿ ಉಳೀತು. ಆ ಸ್ಥಿತೀಲಿ ದಯವಿಟ್ಟು ಮೈಕ್ರೊವೇವ್ ಬಿಚ್ಚಬೇಡಿ. ಅದರ ಹೈ ವೋಲ್ಟೇಜ್ ಕೆಪಾಸಿಟರಲ್ಲಿ ಎರಡು ಸಾವಿರ ವೋಲ್ಟ್ ಮಟ್ಟದ ಚಾರ್ಜ್ ಉಳಿದಿರಬಹುದು, ಪ್ಲಗ್ ಕಿತ್ತಿದೀನಲ್ಲ ಅನ್ನೋದು ಲೆಕ್ಕಕ್ಕೇ ಬರಲ್ಲ. ಒಳಗೆ ಅದನ್ನ ಇಳಿಸೋ ರೆಸಿಸ್ಟರ್ ಇರುತ್ತೆ, ಅದೇ ಒಳಗೆ ಕಡಿದುಹೋಗಿದ್ರೆ? ಪ್ರತಿ ಸಲ ಡಿಸ್ಚಾರ್ಜ್ ಮಾಡಿ, ಮೀಟರಲ್ಲಿ ನೋಡಿ, ಆಮೇಲೇ ಕೈ ಹಾಕ್ಬೇಕು. ಹದಿನೈದು ವರ್ಷ ಅನುಭವ ಇದ್ದ ನನ್ನ ಜೊತೆಗಾರ ಒಬ್ಬ ಗಿರಾಕಿ ಜೊತೆ ಫೋನಲ್ಲಿ ಜಗಳ ಆಡ್ತಾ ಆಡ್ತಾ ಡಿಸ್ಚಾರ್ಜ್ ಮಾಡೋದು ಮರ್ತ. ಬದುಕಿದ, ಬಲಗೈ ಎರಡು ಬೆರಳು ಇವತ್ತಿಗೂ ಸರಿಯಾಗಿ ಮಡಚಲ್ಲ. ಫ್ರಿಜ್ಜಿಗೂ ಅಷ್ಟೇ, ಲೇಬಲಲ್ಲಿ ಆರ್600ಎ ಅಂತಿದ್ರೆ ಅದು ಐಸೋಬ್ಯೂಟೇನ್, ಹತ್ಕೊಂಡು ಉರಿಯೋ ಗ್ಯಾಸು. ಹತ್ತಿಕೊಳ್ಳದ ಹಳೇ ಆರ್134ಎ ಗ್ಯಾಸ್ ಥರ ಅಂದ್ಕೊಂಡು ಪೈಪಿಗೆ ಬೆಸುಗೆ ಹಾಕೋ ಬೆಂಕಿ ಹಿಡೀಬೇಡಿ, ಮೊದ್ಲು ಗ್ಯಾಸ್ ಹೊರಗೆ ಹೋಗ್ಲಿ, ಕಿಟಕಿ ಬಾಗಿಲು ತೆಗೆದಿರ್ಲಿ. ಒಂದು ವಾರ ಬರೀ ಮಿಕ್ಸಿ, ಐರನ್ ಬಾಕ್ಸ್ ಮಾಡಿ, ಏನಾಗಲ್ಲ.
(ಇಪ್ಪತ್ತು ವರ್ಷದ ಅನುಭವಿ)

ನಾನು ಬಿಟ್ಟೆ. ಗಿರಾಕಿಗಳಿಗೋಸ್ಕರ ಅಲ್ಲ, ಬೆನ್ನಿಗೋಸ್ಕರ. ಫ್ರಂಟ್ ಲೋಡ್ ಮಷಿನ್ನಲ್ಲಿ ಡ್ರಮ್ ಕುಣೀದೇ ಇರ್ಲಿ ಅಂತ ಕಾಂಕ್ರೀಟ್ ದಿಮ್ಮಿ ಕೂರಿಸಿರ್ತಾರೆ, ಅರವತ್ತು ಎಪ್ಪತ್ತು ಕೆಜಿ ಆಗುತ್ತೆ ಮಷಿನ್ನು. ಬೇರಿಂಗ್ ಕೆಲ್ಸಕ್ಕೆ ಅದನ್ನ ಮೂರು ಮಹಡಿ ಇಳಿಸಿ ಹತ್ತಿಸಿ ಸಾಕಾಯ್ತು. ಈಗ ಬೇರೆ ಮೆಕ್ಯಾನಿಕ್‌ಗಳು ತಂದುಕೊಡೋ ಬೋರ್ಡ್ ಮಾತ್ರ ಟೇಬಲ್ ಮೇಲಿಟ್ಟು ರಿಪೇರಿ ಮಾಡ್ತೀನಿ. ಗಿರಾಕಿ ಮುಖ ನೋಡೋ ಹಂಗಿಲ್ಲ, ದುಡಿಮೆ ಮೊದಲಿಗಿಂತ ಸ್ವಲ್ಪ ಕಮ್ಮಿ, ಜಗಳ ಪೂರ್ತಿ ಕಮ್ಮಿ. ನಿಮ್ಗೆ ಸೋಲ್ಡರಿಂಗ್ ಕೈ ಕೂತಿದ್ರೆ ಈ ದಾರೀನೂ ಯೋಚ್ನೆ ಮಾಡಿ. ಬಿಡೋದು, ಇರೋದು ಎರಡೇ ದಾರಿ ಅಂತ ಯಾಕೆ ಅಂದ್ಕೋತೀರ.
(ಬೋರ್ಡ್ ರಿಪೇರಿಯವ)

ಗುರುಗಳೇ ನಾನು ಇನ್ನೂ ಕಲೀತಿರೋ ಹುಡ್ಗ, ಎಂಟು ತಿಂಗಳಾಯ್ತು ಅಷ್ಟೇ. ನಿಮ್ಮ ಪತ್ರಾನ ನಮ್ಮ ಓನರಿಗೆ ಓದಿ ಹೇಳ್ದೆ, ಅವ್ರು ಮೊದ್ಲು ಕೇಳಿದ್ದು ಪಂಪ್ ಏನಾಗಿತ್ತಂತೆ ಅಂತಾನೇ. ಆ ಹಳೇ ಪಂಪ್ ನಿಮ್ಮ ಚೀಲದಲ್ಲಿ ಇನ್ನೂ ಇದ್ಯಾ? ಇದ್ರೆ ಎರಡು ಪಿನ್ನಿಗೆ ಮೀಟರ್ ಇಟ್ಟು ಎಷ್ಟು ಓಮ್ಸ್ ತೋರಿಸುತ್ತೆ ಅಂತ ಬರೀರಿ.
(ಹೆಲ್ಪರ್)