ಮೂರು ತಿಂಗಳು ರೆಸ್ಟ್ ಮಾಡಿದರೂ ಹಿಮ್ಮಡಿ ನೋವು ವಾಪಸ್ ಬಂತು, ಏನು ಮಾಡಲಿ?

ಪ್ರಶ್ನೆ (ಸದಸ್ಯೆ, ದಾವಣಗೆರೆ): ನಮಸ್ಕಾರ ಸರ್. ನನಗೆ 46 ವರ್ಷ, ಹೈಸ್ಕೂಲ್ ಟೀಚರ್. ಹೋದ ವರ್ಷ ವಾಕಿಂಗ್ ಜೊತೆ ಸ್ವಲ್ಪ ಓಡುವುದನ್ನೂ ಶುರು ಮಾಡಿದೆ. ಆಮೇಲೆ ಬಲಗಾಲಿನ ಹಿಂದೆ, ಹಿಮ್ಮಡಿಯಿಂದ ಮೂರು ಬೆರಳು ಮೇಲೆ ನೋವು. ಮುಟ್ಟಿದರೆ ಅಲ್ಲೊಂದು ಗಂಟು ಸಿಗುತ್ತದೆ. ಬೆಳಿಗ್ಗೆ ಎದ್ದಾಗ ಮೊದಲ ಹತ್ತು ಹೆಜ್ಜೆ ಕಾಲು ಕೊರಡಿನ ಹಾಗಿರುತ್ತದೆ. ನರ ಊದಿದೆ, ರೆಸ್ಟ್ ಮಾಡಿ ಅಂದರು. ಮೂರು ತಿಂಗಳು ಮಾಡಿದೆ. ನೋವು ಹೋಯಿತು. ಮತ್ತೆ ವಾಕಿಂಗ್ ಹೋದ ವಾರಕ್ಕೇ ವಾಪಸ್ ಬಂತು. ಈಗ ಒಂದು ಕ್ಲಿನಿಕ್‌ನವರು ನಿಮ್ಮದೇ ರಕ್ತ ತೆಗೆದು ಅಲ್ಲಿಗೆ ಇಂಜೆಕ್ಷನ್ ಕೊಡುತ್ತೇವೆ, ಹೊಸದಾಗಿ ಬೆಳೆಯುತ್ತದೆ ಅನ್ನುತ್ತಿದ್ದಾರೆ. ಹೋಗಲಾ?

ಉತ್ತರ (ಫಿಸಿಯೋ): ನಮಸ್ಕಾರ ಮೇಡಂ. ಮೊದಲನೆಯದಾಗಿ ಅದು ನರ ಅಲ್ಲ. ನಮ್ಮಲ್ಲಿ ದಾರದ ಹಾಗಿರುವುದಕ್ಕೆಲ್ಲ ನರ ಅಂದುಬಿಡುತ್ತೇವೆ. ಇದು ಟೆಂಡನ್. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹುರಿ. ಅಕಿಲಿಸ್ ಟೆಂಡನ್ ಅಂತ ಹೆಸರು.

ಈ ಹುರಿಯ ವಯಸ್ಸನ್ನು ಅಳೆದ ರೀತಿ ಮಜವಾಗಿದೆ, ಹೇಳುತ್ತೇನೆ ಕೇಳಿ. 1955ರಿಂದ 1963ರವರೆಗೆ ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆ ಜೋರಾಗಿ ನಡೆಯಿತಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಕಾರ್ಬನ್ ಹೆಚ್ಚುಕಮ್ಮಿ ಎರಡರಷ್ಟಾಯಿತು. 1963ರಲ್ಲಿ ಬಯಲಿನ ಪರೀಕ್ಷೆ ನಿಲ್ಲಿಸುವ ಒಪ್ಪಂದವಾದ ನಂತರ ವರ್ಷ ವರ್ಷ ಇಳಿಯುತ್ತಾ ಬಂತು. ಆ ಕಾರ್ಬನ್ ಗಿಡಕ್ಕೆ ಹೋಗುತ್ತದೆ, ಗಿಡದಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಮೈಗೆ. ಹಾಗಾಗಿ ಮೈಯ ಒಂದು ಚೂರಿನಲ್ಲಿ ಅದು ಎಷ್ಟಿದೆ ಎಂದು ನೋಡಿದರೆ, ಆ ಚೂರು ಸುಮಾರು ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಗೊತ್ತಾಗುತ್ತದೆ. ಡೆನ್ಮಾರ್ಕಿನ ಸಂಶೋಧಕರು ತೀರಿಹೋದವರ ಅಕಿಲಿಸ್ ಟೆಂಡನ್ ಅಳೆದು 2013ರಲ್ಲಿ ಪ್ರಕಟಿಸಿದರು. ಒಳತಿರುಳು ಕಟ್ಟಿದ್ದು ಮೊದಲ 17 ವರ್ಷಗಳಲ್ಲಿ. ಆಮೇಲೆ ಹೊಸದಾಗಿಯೇ ಇಲ್ಲ ಅನ್ನಬಹುದು. ಪಕ್ಕದ ಸ್ನಾಯು ಮಾತ್ರ ಹೊಸದಾಗುತ್ತಲೇ ಇತ್ತು. ಅಂದರೆ ನೀವು ಇವತ್ತಿಗೂ ಪಿಯುಸಿ ಕಾಲದ ಹುರಿಯ ಮೇಲೇ ನಡೆಯುತ್ತಿದ್ದೀರಿ.

ಆದ್ದರಿಂದ 'ಹೊಸದಾಗಿ ಬೆಳೆಯುತ್ತದೆ' ಅಂದರೆ ನನಗೆ ಅನುಮಾನ. ಆ ರಕ್ತದ ಇಂಜೆಕ್ಷನ್ ಹೆಸರು ಪಿಆರ್‌ಪಿ. ನೆದರ್ಲೆಂಡ್ಸ್‌ನಲ್ಲಿ ನಿಮ್ಮ ಥರದ್ದೇ ನೋವಿದ್ದ 54 ಜನರಲ್ಲಿ ಅರ್ಧ ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಸುಮ್ನೆ ಉಪ್ಪುನೀರು ಚುಚ್ಚಿದರು. ಯಾರಿಗೆ ಯಾವುದು ಎಂದು ಅವರಿಗೆ ಹೇಳಿರಲಿಲ್ಲ. ಎಲ್ಲರಿಗೂ ಒಂದೇ ವ್ಯಾಯಾಮ ಕೊಟ್ಟರು. 2010ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪು ಒಂದೇ ಥರ ಸುಧಾರಿಸಿದ್ದವು. ನಾನಾಗಿದ್ದರೆ ಆ ದುಡ್ಡು ಉಳಿಸುತ್ತಿದ್ದೆ.

ಇನ್ನು ರೆಸ್ಟ್. ಸುಮ್ಮನೆ ಕೂತಾಗ ನೋವು ಇಳಿಯುತ್ತದೆ, ಜೊತೆಗೆ ಮೀನಖಂಡದ ಬಲವೂ ಇಳಿಯುತ್ತದೆ. ಹುರಿಗೆ ಭಾರ ಹೊರುವ ಅಭ್ಯಾಸವೇ ತಪ್ಪುತ್ತದೆ. ವಾರದಲ್ಲಿ ನೋವು ವಾಪಸ್ ಬಂದಿದ್ದು ಅದಕ್ಕೇ. ಸ್ವೀಡನ್ನಿನ ಮೂಳೆ ಸರ್ಜನ್ ಹೋಕನ್ ಆಲ್ಫ್ರೆಡ್‌ಸನ್ ಅವರಿಗೂ ಇದೇ ನೋವಿತ್ತಂತೆ. ಆಪರೇಷನ್ ಮಾಡಿ ಎಂದರೆ ಮೇಲಿನವರು ಒಪ್ಪಲಿಲ್ಲವಂತೆ. ಹರಿದರೆ ಹರಿಯಲಿ, ಆಗ ಮಾಡಲೇಬೇಕಲ್ಲ ಎಂದು ಕಾಲಿಗೆ ಬೇಕಂತಲೇ ಭಾರ ಕೊಟ್ಟರಂತೆ. ಹರಿಯಲಿಲ್ಲ, ವಾಸಿಯಾಯಿತು! ನಮ್ಮ ಫೀಲ್ಡ್‌ನಲ್ಲಿ ಎಲ್ಲರೂ ಹೇಳುವ ಕಥೆ ಇದು. 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಮಾತ್ರ ಕಥೆಯಲ್ಲ. ಬೇರೆ ಚಿಕಿತ್ಸೆಗೆ ಬಗ್ಗದ 15 ಓಟಗಾರರು, 12 ವಾರದ ವ್ಯಾಯಾಮ, ಹದಿನೈದೂ ಜನ ಮತ್ತೆ ಓಡಿದರು. ಚಿಕ್ಕ ಅಧ್ಯಯನ, ನಿಜ. ಎಲ್ಲರಿಗೂ ಅಷ್ಟು ಚೆನ್ನಾಗಿ ಆಗುವುದಿಲ್ಲ. ಆದರೂ ಇವತ್ತಿಗೂ ನಾವು ಶುರು ಮಾಡುವುದು ಅಲ್ಲಿಂದಲೇ.

ಮಾಡುವ ರೀತಿ: ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಕಂಬಿ ಹಿಡಿದುಕೊಳ್ಳಿ. ಎರಡೂ ಕಾಲಲ್ಲಿ ತುದಿಗಾಲಿಗೆ ಏಳಿ. ಈಗ ಎಡಗಾಲು ಎತ್ತಿ, ಪೂರ್ತಿ ಭಾರ ಬಲಗಾಲಿಗೆ ಬಿಡಿ. ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಿ. ಮೇಲೇಳಲು ಮತ್ತೆ ಎಡಗಾಲಿನ ಸಹಾಯ ತಗೊಳ್ಳಿ. 15 ಸಲ, ಮೂರು ಸುತ್ತು. ಮೊದಲು ಮಂಡಿ ನೇರ ಇಟ್ಟು, ಆಮೇಲೆ ಸ್ವಲ್ಪ ಬಗ್ಗಿಸಿ. ದಿನಕ್ಕೆ ಎರಡು ಹೊತ್ತು. ನೋವು ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ಇರುವವರು ಹೀಗೆ ಕೆಳಗೆ ಇಳಿಸಬಾರದು, ಸಮ ನೆಲದ ಮೇಲೆ ಮಾಡಬೇಕು. ನಿಮ್ಮದು ಮೇಲಿದೆ, ಮೆಟ್ಟಿಲು ಸರಿ.

ನಾನೂ ಎರಡು ಪ್ರಶ್ನೆ ಕೇಳಲಾ? ಶುಗರ್ ನೋಡಿಸಿದ್ದೀರಾ? ಈಚೆಗೆ ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಥರದ ಮಾತ್ರೆ ತಗೊಂಡಿದ್ದೀರಾ?

ಸದಸ್ಯೆ, ದಾವಣಗೆರೆ: ಶುಗರ್ ನಾರ್ಮಲ್ ಸರ್. ಮೇ ತಿಂಗಳಲ್ಲಿ ಉರಿಮೂತ್ರಕ್ಕೆ ಸಿಪ್ರೋ ತಗೊಂಡಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಮತ್ತೆ, ನೋವಿರುವಾಗಲೇ ಮಾಡಿದರೆ ಹರಿಯಲ್ವಾ?

ಉತ್ತರ: ಸಂಬಂಧ ಇದೆ. ಆ ಗುಂಪಿನ ಆಂಟಿಬಯಾಟಿಕ್ ಟೆಂಡನ್ ನೋವು ತರಬಹುದು, ಅಪರೂಪಕ್ಕೆ ಹರಿಯಲೂಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಅದರ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿತು. ನಿಮ್ಮ ನೋವಿಗೆ ಅದೇ ಕಾರಣ ಅನ್ನಲಾರೆ, ಓಟ ಮೊದಲೇ ಶುರುವಾಗಿತ್ತಲ್ಲ. ಆದರೆ ಮುಂದಿನ ಸಲ ಯಾವ ಡಾಕ್ಟರ್ ಹತ್ತಿರ ಹೋದರೂ ಟೆಂಡನ್ ನೋವಿದೆ ಎಂದು ಮೊದಲೇ ಹೇಳಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳುವುದಂತೂ ಬೇಡ.

ನೋವಿಗೆ ಹತ್ತರಲ್ಲಿ ಮಾರ್ಕ್ಸ್ ಕೊಡಿ, ಟೀಚರ್‌ಗೆ ನಾನು ಹೇಳಿಕೊಡಬೇಕೇ! ಐದರವರೆಗೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಬಿಗಿತ ಜಾಸ್ತಿಯಾಗಿರಬಾರದು, ಅಷ್ಟೇ. ಜಾಸ್ತಿಯಾದರೆ ಅವತ್ತು ಸುತ್ತು ಕಮ್ಮಿ ಮಾಡಿ. ಯಾವಾಗಲಾದರೂ ಹಿಂದಿನಿಂದ ಯಾರೋ ಒದ್ದ ಹಾಗೆ 'ಟಪ್' ಎಂದು, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಸದಸ್ಯ, ಮಂಡ್ಯ: ಡಾಕ್ಟ್ರೇ, ನಮ್ಮಪ್ಪನಿಗೆ 67. ಕಬ್ಬಿನ ಗದ್ದೆ ಕೆಲಸ. ಎಕ್ಸ್‌ರೇ ನೋಡಿ ಮಂಡಿ ಗ್ಯಾಪ್ ಹೋಗಿದೆ ಅಂದರು. ಎರಡು ವರ್ಷದಿಂದ ಗ್ಲುಕೋಸಮೈನ್ ಕುಡಿಯುತ್ತಿದ್ದಾರೆ. ಮೂಳೆ ಮುರಿದರೆ ಕೂಡುತ್ತೆ, ಇದ್ಯಾಕೆ ಕೂಡಲ್ಲ? ಸ್ಟೆಮ್ ಸೆಲ್ ಮಾಡಿಸಬಹುದಾ?

ಉತ್ತರ: ನಾನು ಡಾಕ್ಟರ್ ಅಲ್ಲ, ಫಿಸಿಯೋ. ಮುಂದಿನ ಸಲ ಮನೆಯಲ್ಲಿ ಕಾಲು ಸೂಪ್ ಮಾಡುವಾಗ ಮೂಳೆಯ ತುದಿ ನೋಡಿ. ನೀಲಿ ಮಿಶ್ರಿತ ಬಿಳಿ, ಒದ್ದೆ ಗಾಜಿನ ಹಾಗೆ ಜಾರುವ ಒಂದು ಹೊದಿಕೆ ಇರುತ್ತದೆ. ಅದೇ ಕಾರ್ಟಿಲೇಜ್. ಅದು ಸವೆದಾಗಲೇ ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಗ್ಯಾಪ್ ಹೋದ ಹಾಗೆ ಕಾಣುವುದು. ಅದರ ಕೆಳಗಿನ ಮೂಳೆ ಕೆಂಪಗಿರುತ್ತದೆ, ರಕ್ತ ಓಡಾಡುವ ಜಾಗ. ಮೂಳೆಯಲ್ಲಿ ಹಳೆಯದನ್ನು ತಿನ್ನುವ ಕೋಶವೂ ಇದೆ, ಹೊಸದನ್ನು ಕಟ್ಟುವ ಕೋಶವೂ ಇದೆ. ವರ್ಷಕ್ಕೆ ನಮ್ಮ ಮೂಳೆಯಲ್ಲಿ ಸುಮಾರು ನೂರಕ್ಕೆ 10 ಭಾಗ ಹೊಸದಾಗುತ್ತದೆ. ಮುರಿದದ್ದು ಕೂಡುವುದೂ ಇದೇ ಕೆಲಸಗಾರರಿಂದ. ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ. ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು, ಇದು ಒಮ್ಮೆ ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಎಂದು. ಮೇಲೆ ಹೇಳಿದ ಬಾಂಬ್ ಕಾರ್ಬನ್ ಲೆಕ್ಕವನ್ನು 2016ರಲ್ಲಿ ಮಂಡಿಗೂ ಹಾಕಿದರು. ಅಲ್ಲಿನ ಕೊಲಾಜನ್ (ಕಾರ್ಟಿಲೇಜಿಗೆ ಗಟ್ಟಿತನ ಕೊಡುವ ಪ್ರೋಟೀನ್ ನಾರು) ಕೂಡ ಹರೆಯದ್ದೇ, ಸವೆದ ಮಂಡಿಯಲ್ಲೂ ಹೊಸದು ಸೇರಿರಲಿಲ್ಲ.

ಬೆಳೆಸುವ ಪ್ರಯತ್ನ ನಡೆದಿಲ್ಲ ಅಂತಲ್ಲ. ಸ್ಪ್ರಿಫರ್ಮಿನ್ ಎಂಬ ಇಂಜೆಕ್ಷನ್ ಎರಡು ವರ್ಷದಲ್ಲಿ ಕಾರ್ಟಿಲೇಜನ್ನು ಸ್ವಲ್ಪ ದಪ್ಪ ಮಾಡಿತು, 0.05 ಮಿಲಿಮೀಟರ್ ಸುತ್ತಮುತ್ತ. 2019ರಲ್ಲಿ ಪ್ರಕಟವಾಯಿತು. ಬೇಜಾರಿನ ವಿಷಯ ಏನು ಗೊತ್ತಾ? ಉಪ್ಪುನೀರು ತಗೊಂಡವರಿಗಿಂತ ನೋವೇನೂ ಕಮ್ಮಿಯಾಗಲಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್‌ಗೆ 2022ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದೆ, ಮಂಡಿ ನೋವಿಗೇ. ಅದನ್ನು ಕೇಳುವುದಾದರೆ ಮೂಳೆ ಡಾಕ್ಟರ್ ಹತ್ತಿರ ಕೇಳಿ, ನೋವು ಕಮ್ಮಿಯಾಗಲಿ ಎಂಬ ಆಸೆಯಿಂದ ಕೇಳಿ. ಹೋದ ಗ್ಯಾಪ್ ಮತ್ತೆ ಬರುತ್ತದೆ ಎಂದುಕೊಂಡು ಹೋಗಬೇಡಿ. ಸವೆತ ತೀರಾ ಮುಂದುವರಿದಿದ್ದರೆ ಅವರು ಬೇರೆಯೇ ದಾರಿ ಹೇಳಬಹುದು.

ಗ್ಲುಕೋಸಮೈನ್ ಬಗ್ಗೆ ಅಮೆರಿಕದಲ್ಲಿ 1,583 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು, 2006ರಲ್ಲಿ ಬಂತು. ಒಟ್ಟಾರೆ ನೋಡಿದರೆ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಇಲ್ಲ. ಅಪ್ಪನಿಗೆ ಬೊಜ್ಜಿದ್ದರೆ ಇಳಿಸಿ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಇಳಿಯುತ್ತದೆ ಎಂದು ಅಳೆದಿದ್ದಾರೆ. ತೊಡೆಗೆ ಬಲ ಬರಬೇಕು. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲದಿಂದ ಶುರು ಮಾಡಲಿ. ಎತ್ತರದ ಕುರ್ಚಿ ಹಾಕಿ, ಮೊದಲು ಸುಲಭವಾಗಲಿ.

ಇನ್ನೊಬ್ಬ ಸದಸ್ಯೆ: ಹಾಗಾದರೆ ಕಾಲು ಸೂಪ್ ಕುಡಿದರೆ ಕಾರ್ಟಿಲೇಜ್ ಬರುತ್ತಾ? ನಮ್ಮಜ್ಜಿ ಅದನ್ನೇ ಹೇಳುತ್ತಿದ್ದರು.

ಉತ್ತರ: ಅದು ಹೊಟ್ಟೆಗೆ ಹೋಗಿ ಜೀರ್ಣವಾಗುತ್ತದಮ್ಮಾ, ಸೀದಾ ಮಂಡಿಗೆ ಹೋಗಿ ಅಂಟುವುದಿಲ್ಲ. ಮೆಣಸು ಜಾಸ್ತಿ ಹಾಕಿ ಕುಡಿಯಿರಿ, ರುಚಿಗೆ.

ಸದಸ್ಯೆ, ದಾವಣಗೆರೆ (ಐದು ವಾರದ ನಂತರ): ಸರ್, ಬಿಡದೆ ಮಾಡುತ್ತಿದ್ದೇನೆ. ಎರಡನೇ ವಾರ ಜಾಸ್ತಿಯಾಗಿ ಅಳು ಬಂದಿತ್ತು. ಈಗ ಬೆಳಗಿನ ಹತ್ತು ಹೆಜ್ಜೆ ಮೂರಕ್ಕೆ ಇಳಿದಿದೆ. ಆದರೆ ಗಂಟು ಹಾಗೇ ಇದೆ. ಸ್ಕ್ಯಾನ್ ಮಾಡಿಸಲಾ?

ಉತ್ತರ: ಈಗ ಬೇಡ. ನೋವು ಹೋದವರಲ್ಲೂ ಗಂಟು ಎಷ್ಟೋ ಕಾಲ ಉಳಿಯುತ್ತದೆ, ಸ್ಕ್ಯಾನ್ ನೋಡಿ ಸುಮ್ನೆ ಹೆದರುತ್ತೀರಿ. ವ್ಯಾಯಾಮ ಮಾಡುವಾಗ ನೋವು ಎಷ್ಟಿದೆ? ಎರಡೋ ಮೂರೋ ಆದರೆ ಬೆನ್ನಿಗೊಂದು ಸ್ಕೂಲ್ ಬ್ಯಾಗ್ ಹಾಕಿ, ಅದರಲ್ಲಿ ಎರಡು ಕೆಜಿ ಅಕ್ಕಿ ಇಡಿ. ಮುಂದಿನ ವಾರ ಬಂದು ಹೇಳಿ.