ಟಿಟಿಎಲ್ ಇಳಿಸಿದರೆ ಸಾಕಾ? ಹಳೇ ಐಪಿ ಯಾವಾಗ ಬಿಡಬೇಕು?

ರಾತ್ರಿಪಾಳಿ: ನಮ್ಮ ವೆಬ್‌ಸೈಟ್‌ಗಳ ಸರ್ವರ್ ಅದೇ, ಐಪಿ ಬ್ಲಾಕ್ (ನೆಟ್‌ವರ್ಕ್ ವಿಳಾಸಗಳ ಗುಂಪು) ಮಾತ್ರ ಬದಲಾಗ್ತಿದೆ. ಹಳೇ, ಹೊಸ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗೋ ಬಾಗಿಲು) ಎರಡೂ ಕೆಲವು ದಿನ ಜೊತೆಗಿರುತ್ತೆ. ಡಿಎನ್‌ಎಸ್‌ನಲ್ಲಿ ಸೈಟ್ ಹೆಸರಿಗೆ ಐಪಿ ಹೇಳೋ ಎ ರೆಕಾರ್ಡ್‌ನ ಟಿಟಿಎಲ್, ಅಂದ್ರೆ ಆ ಉತ್ತರ ನೆನಪಿಟ್ಟುಕೊಳ್ಳೋ ಅವಧಿ, 86400 ಸೆಕೆಂಡ್. ಅದನ್ನ 300ಕ್ಕೆ ಇಳಿಸಿ ಐಪಿ ಬದಲಿಸಿದರೆ ಸೈಟ್ ನಿಲ್ಲಲ್ಲ ತಾನೆ?

ಝೋನ್‌ಫೈಲ್: ಎರಡನ್ನೂ ಒಟ್ಟಿಗೆ ಮಾಡಿದರೆ ಇಳಿಸಿದ್ದೇ ದಂಡ. ಒಂದು ನಿಮಿಷ ಮೊದಲು ಕೇಳಿದ ರಿಸಾಲ್ವರ್ (ಬಳಕೆದಾರರ ಪರವಾಗಿ ಡಿಎನ್‌ಎಸ್ ಕೇಳೋ ಸರ್ವರ್) ಹಳೇ ಉತ್ತರವನ್ನ 24 ಗಂಟೆ ಹಿಡಿದಿಟ್ಟುಕೊಳ್ಳುತ್ತೆ. ಇವತ್ತು 300 ಮಾಡಿ, ಪೂರ್ತಿ ಒಂದು ದಿನ ಬಿಟ್ಟು ಐಪಿ ಮುಟ್ಟಿ. ಎಎಎಎ (ಐಪಿವಿ6 ವಿಳಾಸದ) ರೆಕಾರ್ಡ್ ಇದ್ದರೆ ಅದಕ್ಕೂ ಇದೇ ಲೆಕ್ಕ.

ಪ್ಯಾಕೆಟ್‌ಪುರಾಣ: ಡಿಎನ್‌ಎಸ್ ಆಮೇಲಿನ ಮಾತು. ಎರಡು ಗೇಟ್‌ವೇ ಅಂದ್ರಲ್ಲ, ಪೆಟ್ಟು ಬೀಳೋದು ಅಲ್ಲಿ. ಹೊಸ ಐಪಿಗೆ ಬಂದ ಕನೆಕ್ಷನ್‌ಗೆ ಉತ್ತರ ಡೀಫಾಲ್ಟ್ ರೂಟ್ (ಬೇರೆ ದಾರಿ ಹೇಳದಿದ್ದಾಗ ಹಿಡಿಯೋ ದಾರಿ) ಹಿಡಿದು ಹಳೇ ಗೇಟ್‌ವೇಯಿಂದ ಹೊರಡುತ್ತೆ. ಸೋರ್ಸ್ ಅಡ್ರೆಸ್ (ಕಳಿಸಿದವರ ಐಪಿ) ತನ್ನದಲ್ಲ ಅಂತ ಆ ಕಡೆಯ ರೌಟರ್ ಅದನ್ನ ಬಿಸಾಕಬಹುದು. ಪ್ಯಾಕೆಟ್‌ಗಳನ್ನ ತೋರಿಸೋ ಟಿಸಿಪಿಡಂಪ್ ಹಾಕಿದರೆ ಸಿನ್ (ಕನೆಕ್ಷನ್ ಕೋರಿಕೆ) ಬಂದಿದ್ದು ಕಾಣುತ್ತೆ, ಸಿನ್-ಆ್ಯಕ್ (ಅದಕ್ಕೆ ಉತ್ತರ) ಹೋಗಿದ್ದೂ ಕಾಣುತ್ತೆ, ಆಮೇಲೆ ಮತ್ತೆ ಅದೇ ಸಿನ್. ಲಿನಕ್ಸ್ ಆದರೆ ಹೊಸ ಗೇಟ್‌ವೇಗೆ ಬೇರೆ ರೂಟಿಂಗ್ ಟೇಬಲ್ ಮಾಡಿ, ಸೋರ್ಸ್ ಹೊಸ ಐಪಿ ಆದರೆ ಆ ಟೇಬಲ್ ನೋಡು ಅಂತ ಒಂದು ರೂಲ್ ಹಾಕಿ. ನೆಟ್‌ವರ್ಕ್ ಕಾನ್ಫಿಗ್‌ನಲ್ಲೇ ಬರೆಯಿರಿ, ಇಲ್ಲದಿದ್ದರೆ ರೀಬೂಟ್‌ಗೆ ಎಲ್ಲಾ ಮಾಯ.

ಲಾಗ್‌ನೋಡು: ವೆಬ್ ಸರ್ವರ್ ಎಂಜಿನ್‌ಎಕ್ಸ್ ಆದರೆ ಅದರ ಲಿಸನ್ ಸಾಲೂ (ಯಾವ ಐಪಿ, ಪೋರ್ಟ್‌ನಲ್ಲಿ ಕೇಳಬೇಕು ಅನ್ನೋದು) ನೋಡಿಕೊಳ್ಳಿ. ಅದು ಮೊದಲು ಐಪಿ-ಪೋರ್ಟ್ ಹೊಂದಿಸುತ್ತೆ, ಸರ್ವರ್ ಹೆಸರು ನೋಡೋದು ಆಮೇಲೆ. ಹೊಸ ಐಪಿಯನ್ನ ಒಂದೇ ಸೈಟ್‌ನ ಸರ್ವರ್ ಬ್ಲಾಕ್‌ಗೆ ಬರೆದರೆ, ಆ ಐಪಿಗೆ ಬರೋ ಉಳಿದ ಸೈಟ್‌ಗಳ ರಿಕ್ವೆಸ್ಟೂ ಅದೇ ಬ್ಲಾಕ್‌ಗೆ ಬಿದ್ದು ಸರ್ಟಿಫಿಕೇಟ್ ಎರರ್ ಬರುತ್ತೆ. ಐಪಿ ಇಲ್ಲದೆ ಬರೀ 443 (ಎಚ್‌ಟಿಟಿಪಿಎಸ್ ಪೋರ್ಟ್) ಅಂತ ಎಲ್ಲ ಕಡೆ ಬರೆಯೋದು ವಾಸಿ. ಡಿಎನ್‌ಎಸ್ ಮುಟ್ಟೋ ಮೊದಲೇ, ಹೊರಗಿನ ಮಷೀನ್‌ನಿಂದ ಕರ್ಲ್ ಕಮಾಂಡ್‌ನ ರಿಸಾಲ್ವ್ ಆಯ್ಕೆಗೆ (ಡಿಎನ್‌ಎಸ್ ಬಿಟ್ಟು ಹೇಳಿದ ಐಪಿಗೇ ಹೋಗುತ್ತೆ) ಹೊಸ ಐಪಿ ಕೊಟ್ಟು ಪ್ರತಿ ಸೈಟೂ ಪರೀಕ್ಷಿಸಿ.

ಝೋನ್‌ಫೈಲ್: ಸರಿ, ಇಷ್ಟಾದ ಮೇಲೆ ಟಿಟಿಎಲ್ 300 ಅಂದ್ರೆ ಒಂದು ಗಂಟೆಯಲ್ಲಿ ಹಳೇ ಐಪಿ ತೆಗೀಬಹುದು.

ಲಾಗ್‌ನೋಡು: ಒಪ್ಪಲ್ಲ. ನಿಮ್ಮ ಸೈಟ್ ಮುಂದೆ ಇನ್ಯಾರದೋ ಎಂಜಿನ್‌ಎಕ್ಸ್ ಪ್ರಾಕ್ಸಿ (ಬಂದ ರಿಕ್ವೆಸ್ಟ್ ನಿಮಗೆ ದಾಟಿಸೋ ಸರ್ವರ್) ಇದ್ದು, ಅದರ ಪ್ರಾಕ್ಸಿಪಾಸ್ ಸಾಲಿನಲ್ಲಿ ನಿಮ್ಮ ಹೆಸರು ನೇರವಾಗಿ ಬರೆದಿದ್ದರೆ ಅದು ಸ್ಟಾರ್ಟ್ ಅಥವಾ ರೀಲೋಡ್ ಆದಾಗ ಮಾತ್ರ ಡಿಎನ್‌ಎಸ್ ಕೇಳುತ್ತೆ. ಟಿಟಿಎಲ್ ಐದು ನಿಮಿಷವಾದರೂ ತಿಂಗಳಾದರೂ ಅದಕ್ಕೆ ಒಂದೇ. ತಮ್ಮ ಮಷೀನ್‌ನ ಹೋಸ್ಟ್ಸ್ ಫೈಲ್‌ನಲ್ಲಿ (ಡಿಎನ್‌ಎಸ್ ಬದಲು ನೋಡೋ ಹೆಸರು-ಐಪಿ ಪಟ್ಟಿ) ಐಪಿ ಬರೆದಿಟ್ಟವರ ಕಥೆ ಕೇಳಲೇಬೇಡಿ. ಲಾಗ್ ಫಾರ್ಮ್ಯಾಟ್‌ಗೆ ಸರ್ವರ್ ಅಡ್ರೆಸ್ ಸೇರಿಸಿ, ಹಳೇ ಐಪಿಗೆ ಇನ್ನೂ ಯಾರು ಬರ್ತಿದ್ದಾರೆ ನೋಡಿ. ಬರೀ ಬಾಟ್‌ಗಳು ಉಳಿದಾಗ ಬಿಡಿ.

ಪ್ಯಾಕೆಟ್‌ಪುರಾಣ: ಬಿಡೋವಾಗಲೂ ಐಪಿ ತಕ್ಷಣ ತೆಗೀಬೇಡಿ. ಒಂದು ದಿನ ಫೈರ್‌ವಾಲ್‌ನಲ್ಲಿ ಅದರ 80, 443 ಮಾತ್ರ ರಿಜೆಕ್ಟ್ ಮಾಡಿ. ಯಾರಾದರೂ ಕೂಗಿದರೆ ರೂಲ್ ಅಳಿಸಿದರಾಯ್ತು.

ರಾತ್ರಿಪಾಳಿ: ಡೀಫಾಲ್ಟ್ ರೂಟ್ ಯಾವಾಗ ಬದಲಿಸಲಿ?

ಪ್ಯಾಕೆಟ್‌ಪುರಾಣ: ಹಳೇ ಐಪಿ ಬಿಡೋ ಮೊದಲು, ಆದರೆ ಬೇರೆ ದಿನ. ಅದಕ್ಕೂ ಮುಂಚೆ ಹಳೇ ಐಪಿಗೂ ತನ್ನದೇ ಟೇಬಲ್, ರೂಲ್ ಹಾಕಿ. ಇಲ್ಲದಿದ್ದರೆ ಅದೇ ರೋಗ ತಿರುಗುಮುರುಗಾಗಿ ಬರುತ್ತೆ. ರೂಟ್ ಬದಲಾದ ಕ್ಷಣದಿಂದ ಸರ್ವರ್ ಹೊರಗೆ ಹೋಗೋದು ಹೊಸ ಐಪಿಯಲ್ಲಿ. ಪೇಮೆಂಟ್ ಗೇಟ್‌ವೇಯವರ ಅನುಮತಿ ಪಟ್ಟಿ, ಬೇರೆ ಕಡೆ ಇರೋ ಡೇಟಾಬೇಸ್‌ನ ಫೈರ್‌ವಾಲ್, ಮೇಲ್ ಕಳಿಸ್ತಿದ್ದರೆ ಎಸ್‌ಪಿಎಫ್ (ಯಾವ ಐಪಿ ಮೇಲ್ ಕಳಿಸಬಹುದು ಅನ್ನೋ ರೆಕಾರ್ಡ್) ಮತ್ತು ಪಿಟಿಆರ್ (ಐಪಿಗೆ ಹೆಸರು ಹೇಳೋ ರೆಕಾರ್ಡ್), ಎಲ್ಲದರಲ್ಲೂ ಹೊಸದು ಮೊದಲೇ ಇರಲಿ. ಸೈಟ್ ತೆರೆಯುತ್ತೆ, ಹಣ ಕಟ್ಟೋಕೆ ಮಾತ್ರ ಆಗ್ತಿಲ್ಲ ಅಂದರೆ ಮೊದಲು ಆ ಪಟ್ಟಿ ನೋಡಿ.