ಮರ ಕಡಿದರೆ ಹಿಮದ ನೀರು ಜಾಸ್ತಿ ಸಿಗುತ್ತಾ?

ಹಳ್ಳದಂಚು:
ಕಾಡಿದ್ದರೆ ನೀರು ಅಂತ ಕೇಳುತ್ತಲೇ ಬೆಳೆದವಳು ನಾನು. ಈಗ ತರಗತಿಯಲ್ಲಿ, ಹಿಮ ಬೀಳುವ ಬೆಟ್ಟಗಳಲ್ಲಿ ಮರ ಕಡಿದರೆ ಹೊಳೆಗೆ ನೀರು ಹೆಚ್ಚುತ್ತದೆ ಅಂತಾರೆ. ಒಪ್ಪೋಕೆ ಮನಸ್ಸೇ ಬರುತ್ತಿಲ್ಲ. ನಿಜವಾ?

ಹಿಮಕೋಲು:
ನಿಜ. ಆದರೆ ಪೂರ್ತಿ ಕೇಳಿ.

ಅಮೆರಿಕದ ಕೊಲೊರಾಡೊದಲ್ಲಿ ಎರಡು ಚಳಿಗಾಲ ಹಿಮ ಅಳೆದಿದ್ದೇನೆ. ಅಲ್ಯೂಮಿನಿಯಂ ಕೊಳವೆಯನ್ನು ನೆಲ ಮುಟ್ಟುವ ತನಕ ಹಿಮಕ್ಕೆ ಇಳಿಸಿ, ಎತ್ತಿ, ತಕ್ಕಡಿಗೆ ನೇತುಹಾಕುತ್ತಿದ್ದೆವು. ಆಳ ನೋಡಿ ಮೋಸಹೋಗಬಾರದು. ನೀರಿನ ಲೆಕ್ಕ ಸಿಗೋದು ತೂಕದಲ್ಲಿ. ಮರದಡಿಗಿಂತ ಪಕ್ಕದ ತೆರವಿನಲ್ಲಿ ಕೊಳವೆ ಭಾರ ಇರುತ್ತಿತ್ತು. ಕಾರಣ ಕಣ್ಣೆದುರೇ ಇತ್ತು. ಬೆಳಿಗ್ಗೆ ಸೂಜಿ ಎಲೆಯ ಸ್ಪ್ರೂಸ್ ಮರದ ಕೊಂಬೆಗಳನ್ನು ಬಗ್ಗಿಸಿಕೊಂಡು ಕೂತಿದ್ದ ಹಿಮ, ಗಾಳಿ ಬಿಸಿಲು ಬಂದ ಮೇಲೆ ಮಧ್ಯಾಹ್ನಕ್ಕೆ ಎಷ್ಟೋ ಮಾಯವಾದಂತೆ ಕಾಣುತ್ತಿತ್ತು. ಒಂದಷ್ಟು ಕೆಳಗೆ ಉದುರುತ್ತದೆ, ಒಂದಷ್ಟು ನೀರಾಗದೆ ನೇರ ಆವಿಯಾಗುತ್ತದೆ. ಬೇಸಿಗೆಯಲ್ಲಿ ಬೇರು ಹೀರೋದು ಬೇರೆ.

ಅಲ್ಲಿನ ಫ್ರೇಸರ್ ಪ್ರಾಯೋಗಿಕ ಕಾಡಿನಲ್ಲಿ ಫೂಲ್ ಕ್ರೀಕ್ ಅಂತ ಹಳ್ಳ ಇದೆ. 1950ರ ದಶಕದಲ್ಲಿ ಅದರ ಜಲಾನಯನದ ಸುಮಾರು ಶೇ. 40ರಷ್ಟು ಕಾಡನ್ನು ಪಟ್ಟೆ ಪಟ್ಟೆಯಾಗಿ ಕಡಿದರು. ಪಕ್ಕದ ಹಳ್ಳವನ್ನು ಮುಟ್ಟದೆ ಬಿಟ್ಟು ಹೋಲಿಸಿ ನೋಡಿದರು. ಮೊದಲ ವರ್ಷಗಳಲ್ಲಿ ನೀರು ಸುಮಾರು ಶೇ. 40 ಜಾಸ್ತಿ ಬಂತು. ಮರ ಮತ್ತೆ ಬೆಳೆದಂತೆ ಲಾಭವೂ ನಿಧಾನವಾಗಿ ಇಳಿಯಿತು.

ಹಳ್ಳದಂಚು:
ಅಷ್ಟೊಂದಾ! ಹಾಗಾದರೆ ಎಲ್ಲ ಕಡೆ ಯಾಕೆ ಮಾಡಲ್ಲ?

ಬಿಸಿಲುಗುಡ್ಡ:
ಎಲ್ಲ ಕಡೆ ಒಂದೇ ಥರ ನಡೆಯಲ್ಲ. ಚಳಿ ಅಷ್ಟಾಗಿಲ್ಲದ ಬೆಟ್ಟಗಳಲ್ಲಿ ಮರ ತೆಗೆದರೆ ಹಿಮ ಇನ್ನೂ ಜಾಸ್ತಿ ದಿನ ಉಳಿದದ್ದೂ ಇದೆ, ಏಕೆಂದರೆ ಮರಗಳೇ ಬೆಚ್ಚಗಾಗಿ ಹಿಮಕ್ಕೆ ಶಾಖ ಕೊಡುತ್ತವೆ. ಒಳ್ಳೆ ಚಳಿಯಲ್ಲಿ ಉಲ್ಟಾ, ನೆರಳೇ ಕಾಪಾಡುತ್ತದೆ. ತೆರವು ತೀರಾ ದೊಡ್ಡದಾದರೆ ಗಾಳಿ ಹಿಮವನ್ನು ಬಾಚಿಕೊಂಡು ಹೋಗುತ್ತದೆ.

ಹಿಮಕೋಲು:
ಹೌದು. ನನ್ನ ದೊಡ್ಡ ತಕರಾರು ಸಮಯದ್ದು. ಹೆಚ್ಚಿನ ನೀರಿನ ಬಹುಪಾಲು ಹಿಮ ಕರಗುವ ಮೇ, ಜೂನ್‌ನಲ್ಲೇ ಬಂದುಬಿಡುತ್ತದೆ. ಆಗ ಹೊಳೆ ಹೇಗೂ ತುಂಬಿರುತ್ತದೆ, ಅಲ್ವಾ? ಕೆಳಗೆ ಜಲಾಶಯ ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಒಣಗುವ ಹೊಲಕ್ಕೆ ಅದು ಸಿಗೋದೇ ಇಲ್ಲ. ಹಿಮ ಕಮ್ಮಿ ಬಿದ್ದ ವರ್ಷ ಲಾಭವೂ ಕಮ್ಮಿ, ನೀರು ಬೇಕಾಗಿದ್ದೂ ಅದೇ ವರ್ಷ.

ಇನ್ನೊಂದು, ದಿಮ್ಮಿ ಸಾಗಿಸಲು ಮಾಡಿದ ಮಣ್ಣುದಾರಿ. ಒಂದು ವಸಂತದಲ್ಲಿ ಅಂಥ ದಾರಿಯ ಮೋರಿ ಕಟ್ಟಿಕೊಂಡು ನೀರು ರಸ್ತೆ ಮೇಲೆಯೇ ಹರಿಯಿತು. ಮೇಲಿನ ಹಳ್ಳದಲ್ಲಿ ಕಲ್ಲು ಎಣಿಸುವಷ್ಟು ತಿಳಿ ನೀರು. ಮೋರಿ ದಾಟಿದ ಮೇಲೆ ಚಹಾ ಬಣ್ಣ. ಬಾಟಲಿಯಲ್ಲಿ ಹಿಡಿದಿಟ್ಟರೆ ತಳದಲ್ಲಿ ಬೆರಳ ದಪ್ಪ ಕೆಸರು ಕೂತಿತ್ತು. ನಿಮ್ಮ ಮೇಷ್ಟ್ರನ್ನು ದಾರಿಗಳ ಬಗ್ಗೆಯೂ ಕೇಳಿ.